ದಿಂಬಿನ ಗೇಶೆಯ ಮೊಮ್ಮಗಳು

ಫೆನ್ನಾ ಎಲ್ಟಿಂಗ್ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ವರ್ಷ ಬದುಕಿದಳು. ಆ ಎಂಬತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನಮ್ಮ ಬಾಗಿಲು ಬಡಿದವಳಲ್ಲ. ಏನಾದರೂ ಬೇಕಿದ್ದರೆ ಬೇಲಿಯ ಆಚೆ ನಿಂತು "ತ್ರೀನ್" ಎಂದು ಕೂಗುವಳು. ಮಳೆ ಹೊಯ್ಯುತ್ತಿರಲಿ, ಹಿಮ ಬೀಳುತ್ತಿರಲಿ, ಬೇಲಿ ದಾಟುತ್ತಿರಲಿಲ್ಲ. ನಾನೇ ಅವಳ ಮನೆಗೆ ಹೋಗಬೇಕು, ಅವಳ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿಯಬೇಕು. ಯಾಕೆ ಹೀಗೆ ಎಂದು ಒಮ್ಮೆ ರೇಗಿ ಕೇಳಿದ್ದಕ್ಕೆ, "ನಮ್ಮಪ್ಪ ಹೇಳಿಕೊಟ್ಟಿದ್ದು ಕಣೇ. ಸಿಕ್ಕೆನ್ ಮನೆ ಬಾಗಿಲು ಬಡೀಬೇಡ ಅಂತ. ಯಾಕೆ ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ," ಎಂದಳು. ನನಗೆ ಅದು ಬರೀ ಜಂಬವಾಗಿ ಕಂಡಿತ್ತು. ನಾನೂ ಕಡಿಮೆಯವಳಲ್ಲ, ಬಾ ಎಂದು ಕರೆಯುವುದನ್ನು ನಿಲ್ಲಿಸಿಬಿಟ್ಟೆ.

ನಮ್ಮ ಡ್ರೆಂಟೆ ಸೀಮೆಯಲ್ಲಿ ನೆರೆಮನೆ ಎಂದರೆ ಬರೀ ಗೋಡೆಯಾಚೆಯ ಮನೆಯಲ್ಲ. ಹೆರಿಗೆಯಲ್ಲಿ ತೊಂದರೆಯಾದರೆ ಡಾಕ್ಟರನ್ನು ಕರೆತರಬೇಕಾದವನು ಮೊದಲ ನೆರೆಯವನು. ಮಗು ಹುಟ್ಟಿದರೆ ಮೊಳದುದ್ದದ ಒಣದ್ರಾಕ್ಷಿ ಬ್ರೆಡ್ಡು ಹೊತ್ತು ತರುವವಳು ನೆರೆಯವಳು. ಯಾರಾದರೂ ಸತ್ತರೆ ಹೆಣ ತೊಳೆದು ಉಡಿಸುವುದು, ಮನೆಮನೆಗೆ ಹೋಗಿ ತಿಳಿಸುವುದು, ಪುರಸಭೆಯಲ್ಲಿ ಸಾವು ಬರೆಸುವುದು, ಪೆಟ್ಟಿಗೆಗೆ ಹೆಗಲು ಕೊಡುವುದು, ಎಲ್ಲ ನೆರೆಯವರ ಪಾಲು. ನೆಂಟರು ಕಿತ್ತಾಡಿಕೊಳ್ಳಬಹುದು, ನೆರೆಯವರಿಗೆ ಆ ಸ್ವಾತಂತ್ರ್ಯವಿಲ್ಲ. ಹೋಲ್ತವೇನ್ ಎಂಬ ನಮ್ಮೂರಿನಲ್ಲಿ ಮನೆಗಳು ಕಾಲುವೆಯುದ್ದಕ್ಕೂ ಸಾಲಾಗಿವೆ. ಎಲ್ಟಿಂಗ್ ಮನೆ ಸಾಲಿನ ಕೊನೆಯದು. ಅವರಿಗೆ ಮೊದಲ ನೆರೆ ನಾವೇ, ಸಿಕ್ಕೆನ್ ಮನೆಯವರು.

ಆದರೆ ಫೆನ್ನಾಳ ಅಜ್ಜಿ ಗೇಶೆ ಸತ್ತಾಗ ಒಬ್ಬ ನೆರೆಯವನೂ ಹೋಗಲಿಲ್ಲ. ಮಗ ಯಾನ್ ಮತ್ತು ಮೂವರು ಅಳಿಯಂದಿರು ತಾವೇ ಪೆಟ್ಟಿಗೆ ಹೊತ್ತರಂತೆ. ನನ್ನಜ್ಜ ಬೆರೆಂಡ್ ಸಿಕ್ಕೆನ್ ಅಂದು ಕಿಟಕಿಯ ಪರದೆ ಎಳೆದುಕೊಂಡು ಒಳಗೇ ಇದ್ದನಂತೆ. ಚರ್ಚಿನ ಹಿರಿಯನಾಗಿದ್ದವನು ಅವನು. ಊರಿನಲ್ಲಿ ಯಾರೂ ಅದನ್ನು ತಪ್ಪೆನ್ನಲಿಲ್ಲ, ಏಕೆಂದರೆ ಗೇಶೆ ತನ್ನ ಹಸುಗೂಸಿನ ಮುಖಕ್ಕೆ ದಿಂಬು ಅದುಮಿದವಳು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸಾವಿರದ ಒಂಬೈನೂರ ಏಳರ ಚಳಿಗಾಲದಲ್ಲಿ ಅವಳಿಗೆ ಎರಡನೆಯ ಗಂಡುಮಗು ಹುಟ್ಟಿತು. ಅದು ಅತ್ತದ್ದನ್ನು ಕೇಳಿದವರಿದ್ದರು. ಮೂರನೆಯ ದಿನ ಕೂಸಿನ ಅಪ್ಪ ಹಾರ್ಮ್ ಪುಟ್ಟ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಟರ್ಫ್ ಎಂಬ ಉರುವಲು ಮಣ್ಣಿನ ಹೆಂಟೆ ಕಡಿದು ಬದುಕುವ ಕೂಲಿಗಳ ಗುಡಿಸಲಲ್ಲಿ ಕೂಸು ಸಾಯುವುದು ಆಗ ಹೊಸದೇನಲ್ಲ. ನಮ್ಮ ಮನೆಯಲ್ಲೂ ಮೂರು ಹೋಗಿದ್ದವು. ಆದರೂ ಗೇಶೆಯ ಕೂಸಿಗೆ ಮಾತ್ರ ಯಾಕೆ ಈ ಮಾತು ಅಂಟಿತೋ ಫೆನ್ನಾಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು.

ಗೇಶೆ ಸಾಯುವ ತನಕ 'ದಿಂಬಿನ ಗೇಶೆ'. ಅವಳ ಮಗ 'ದಿಂಬಿನ ಯಾನ್'. ಅವನ ಒಬ್ಬಳೇ ಮಗಳು, ಅಜ್ಜಿಯ ಮುಖವನ್ನೇ ನೋಡದವಳು, 'ದಿಂಬಿನ ಫೆನ್ನಾ'. ಶಾಲೆಯಲ್ಲಿ ಅವಳು ಹತ್ತಿರ ಬಂದರೆ ಹುಡುಗರು ಮೂಗು ಬಾಯಿ ಮುಚ್ಚಿಕೊಂಡು ಕಾಲು ಬಡಿಯುತ್ತ ಸಾಯುವ ಆಟ ಆಡುತ್ತಿದ್ದರು. ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು, ಆ ಆಟವನ್ನು ನಾನೂ ಆಡಿದ್ದೇನೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಆಡುತ್ತಿದ್ದೆ.

ಹದಿನೈದಕ್ಕೆ ಫೆನ್ನಾ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆ ಸೇರಿದಳು. ನಲವತ್ತೈದು ವರ್ಷ ಅಲ್ಲೇ ದುಡಿದಳು. ಶರತ್ಕಾಲ ಬಂದರೆ ಆ ಕೊಳೆತ ವಾಸನೆ ಅವಳ ಕೂದಲು ಬಿಟ್ಟು ಹೋಗುತ್ತಿರಲಿಲ್ಲ. ಇಪ್ಪತ್ತಮೂರರಲ್ಲಿ ಹೆಂಡ್ರಿಕ್ ಎಂಬವನೊಂದಿಗೆ ಮದುವೆ ಗೊತ್ತಾಗಿತ್ತು. ಒಳ್ಳೆಯ ಹುಡುಗ, ಆದರೆ ಅಮ್ಮನ ಸೆರಗು ಬಿಟ್ಟವನಲ್ಲ. "ಆ ಮನೆ ಹೆಣ್ಣು ನನ್ನ ಮೊಮ್ಮಕ್ಕಳ ತೊಟ್ಟಿಲ ಹತ್ರ ಕೂರೋದು ಬೇಡ," ಎಂದು ಆ ತಾಯಿ ಒಂದೇ ಮಾತು ಅಂದಳಂತೆ. ಹೆಂಡ್ರಿಕ್ ಸೈಕಲ್ ಹತ್ತಿ ಹೋದವನು ಮತ್ತೆ ಬರಲಿಲ್ಲ. ಫೆನ್ನಾ ಮದುವೆಯಾಗಲಿಲ್ಲ. ಊರಿನಲ್ಲಿ ಒಬ್ಬರೂ, ನಾನೂ ಸೇರಿ, ಒಂದು ಗಂಟೆ ಮಗು ನೋಡಿಕೋ ಎಂದು ಅವಳ ಕೈಗೆ ಕೂಸು ಕೊಡಲಿಲ್ಲ. ಒಮ್ಮೆ ಅವಳಿಗೆ ಜ್ವರ ಬಂದಾಗ ಗಂಜಿ ಕೊಡಲು ಹೋಗಿ ಮಲಗುವ ಕೋಣೆ ನೋಡಿದೆ. ಮಂಚದ ಮೇಲೆ ದಿಂಬೇ ಇರಲಿಲ್ಲ. ಹಳೆಯ ಕೋಟು ಮಡಚಿ ತಲೆಗಿಟ್ಟುಕೊಂಡಿದ್ದಳು. ಆ ಮನೆಯೊಳಕ್ಕೆ ದಿಂಬು ಬಂದು ನೂರು ವರ್ಷವಾಗಿರಬೇಕು.

ಈಗ ನನ್ನ ಸಂಗತಿ. ಗಂಡ ತೀರಿಕೊಂಡ ಮೇಲೆ ಹೊತ್ತು ಹೋಗದೆ, ಆಸ್ಸೆನ್ ಪಟ್ಟಣದ ಪತ್ರಾಗಾರದಲ್ಲಿ ಮಂಗಳವಾರಗಳಂದು ಪುಕ್ಕಟೆ ಕೆಲಸಕ್ಕೆ ಸೇರಿದೆ. ಹಳೆಯ ಸಾವಿನ ರಿಜಿಸ್ಟರುಗಳನ್ನು ಓದಿ ಹೆಸರುಗಳನ್ನು ಕಂಪ್ಯೂಟರಿಗೆ ಹಾಕುವುದು ಕೆಲಸ. ತಾತ ಮುತ್ತಾತಂದಿರನ್ನು ಹುಡುಕಿಕೊಂಡು ಅಮೆರಿಕದಿಂದಲೂ ಜನ ಬರುತ್ತಾರೆ. ಪೂರ್ವಿಕ ಶ್ರೀಮಂತನಾಗಿದ್ದನೇ ಎಂಬ ಆಸೆ ಅವರಿಗೆ, ಸಿಗುವುದು ಮಾತ್ರ ಭೇದಿಯಾಗಿ ಸತ್ತ ಕೂಲಿ. ಅದೂ ಭೇದಿ ಎಂದು ಬರೆದಿರುವುದಿಲ್ಲ, ನಮ್ಮ ಸಾವಿನ ಪತ್ರಗಳಲ್ಲಿ ಸತ್ತ ಕಾರಣ ಹಾಕುವುದಿಲ್ಲ. ಯಾರು, ಯಾರ ಮಗ, ಎಷ್ಟು ಹೊತ್ತಿಗೆ, ಬಂದು ಹೇಳಿದವರು ಯಾರು, ಅಷ್ಟೇ. ಹದಿನಾಲ್ಕು ವರ್ಷ ಸತ್ತವರ ಹೆಸರು ಓದಿದ್ದೇನೆ, ಪಕ್ಕದ ಮನೆಯವರದನ್ನು ಮಾತ್ರ ಎಂದೂ ತೆಗೆದು ನೋಡಿರಲಿಲ್ಲ. ನೆರೆಮನೆಯ ಬೀರು ತೆರೆದಂತೆ ಎಂದು ಹೇಳಿಕೊಳ್ಳುತ್ತಿದ್ದೆ.

ನವೆಂಬರಿನ ಒಂದು ಬೆಳಗ್ಗೆ ಫೆನ್ನಾ ಬೇಲಿಯ ಆಚೆಯಿಂದ ಕೂಗಿದಳು. ಮುಖ ಮೇಣದಂತಾಗಿತ್ತು. ಹೊಟ್ಟೆಯಲ್ಲಿ ಗಡ್ಡೆ, ಬೇಸಿಗೆ ಕಾಣುವುದು ಕಷ್ಟ ಎಂದು ಡಾಕ್ಟರ್ ಹೇಳಿದ್ದನ್ನು ಹವಾಮಾನ ವರದಿಯಂತೆ ಹೇಳಿ ಮುಗಿಸಿದಳು.

"ನಿನ್ನ ಹತ್ರ ಒಂದು ಕೆಲಸ ಇದೆ," ಎಂದಳು. "ನಮ್ಮಜ್ಜಿ ಮಗೂದು ಕಾಗದ ಇರುತ್ತಲ್ಲ, ಅದು ಬೇಕು."

"ಈ ವಯಸ್ಸಲ್ಲಿ ಅದನ್ನ ತಗೊಂಡು ಏನ್ ಮಾಡ್ತೀಯ?"

"ನಮ್ಮಪ್ಪ ಸಾಯೋ ಮುಂಚೆ ನನ್ನ ಕೈ ಹಿಡ್ಕೊಂಡ. 'ಅದು ಅತ್ತಿತ್ತು ಫೆನ್ನಾ' ಅಂದ. ಅಷ್ಟೇ ಅಂದಿದ್ದು. ಅವನಿಗಾಗ ಎಂಟು ವರ್ಷ, ಆ ಗುಡಿಸಲಲ್ಲೇ ಮಲಗಿದ್ದ." ಅವಳು ಬೇಲಿಯ ಕಂಬ ಹಿಡಿದುಕೊಂಡಳು. "ಹೆತ್ತ ಮಗನಿಗೇ ಅನುಮಾನ ಇತ್ತು ತ್ರೀನ್. ನನಗೂ ಇದೆ. ಊರೋರ ಮುಂದೆ ಅಜ್ಜಿ ಪರ ಜಗಳ ಆಡ್ತೀನಿ, ಒಳಗೆ ನಂಬಿಕೆ ಇಲ್ಲ. ಸತ್ತೇ ಹುಟ್ಟಿತ್ತು ಅಂತ ಕಾಗದ ಹೇಳಿದ್ರೆ ದಿಂಬಿನ ಮಾತೇ ಬರಲ್ಲ ಅಲ್ವಾ. ಹಂಗಲ್ಲ ಅಂದ್ರೆ, ಹಂಗಲ್ಲ ಅಂತಾದ್ರೂ ಗೊತ್ತಾಗಿ ಸಾಯ್ತೀನಿ."

ಮಂಗಳವಾರ ಅವಳನ್ನು ಕರೆದುಕೊಂಡು ಹೋದೆ. ಹಾಳೆಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ ಎಂದರೂ ಕೇಳಲಿಲ್ಲ, ನಿಜವಾದ ಪುಸ್ತಕವನ್ನೇ ಮುಟ್ಟಬೇಕೆಂದು ಹಟ ಹಿಡಿದಳು. ಹೇಗೋ ಹೇಳಿ ತರಿಸಿದೆ. ಹೆಸರಿಲ್ಲದ ಮಕ್ಕಳು ಸಾವಿನ ರಿಜಿಸ್ಟರಿನಲ್ಲೇ ಇರುತ್ತವೆ, ಮನೆತನದ ಹೆಸರಿನ ಕೆಳಗೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಫೆನ್ನಾ ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಓದಿದಳು.

ಫೆಬ್ರವರಿ ಹನ್ನೆರಡರಂದು ಇಬ್ಬರು ಹಾಜರಾಗಿದ್ದಾರೆ: ತಂದೆ ಹಾರ್ಮ್ ಎಲ್ಟಿಂಗ್, ಮೂವತ್ತಾರು ವರ್ಷ, ಕೂಲಿ, ಮತ್ತು ನೆರೆಯವ ಬೆರೆಂಡ್ ಸಿಕ್ಕೆನ್, ನಲವತ್ತು ವರ್ಷ, ದೋಣಿ ಎಳೆಯುವ ಕುದುರೆ ಇಟ್ಟುಕೊಂಡವನು. ಗೇಶೆಯು ಒಂಬತ್ತನೇ ತಾರೀಖು ಸಂಜೆ ಐದು ಗಂಟೆಗೆ ಹೆತ್ತ ಗಂಡುಮಗುವನ್ನು ಜೀವವಿಲ್ಲದ ಮಗುವೆಂದು ಇವರು ಬರೆಸಿದ್ದಾರೆ.

"ಜೀವವಿಲ್ಲದ," ಎಂದು ಫೆನ್ನಾ ಇನ್ನೊಮ್ಮೆ ಓದಿದಳು. ಆಮೇಲೆ ಅಳತೊಡಗಿದಳು. ಎಂಬತ್ತರ ಮುದುಕಿ, ಸದ್ದಿಲ್ಲದ ಆ ಕೋಣೆಯಲ್ಲಿ ಮೂಗು ಸೊರಸೊರ ಎಳೆಯುತ್ತ ಅತ್ತಳು. "ಅಪ್ಪಂಗೆ ಕನಸು ಬಿದ್ದಿತ್ತು ಕಣೇ. ಎಂಟು ವರ್ಷದ ಕೂಸು, ಏನೋ ಕೇಳಿಸ್ಕೊಂಡಿದೆ. ಸತ್ತೇ ಹುಟ್ಟಿತ್ತು. ನೋಡು, ಸರ್ಕಾರದ ಮೊಹರಿದೆ."

ನಾನು ಹೂಂ ಎಂದೆ. ನನ್ನ ಕಣ್ಣು ಆಗಲೇ ಹಾಳೆಯ ಕೊನೆಗೆ ಹೋಗಿತ್ತು. ಹಾರ್ಮ್ ವಕ್ರ ವಕ್ರವಾಗಿ ಸಹಿ ಹಾಕಿದ್ದ. ಅದರ ಕೆಳಗೆ ಗುಮಾಸ್ತನ ಕೈಬರಹದಲ್ಲಿ ಒಂದು ಸಾಲು: ಎರಡನೆಯವನು ತನಗೆ ಬರೆಯಲು ಬಾರದೆಂದು ಹೇಳಿದ್ದರಿಂದ ಸಹಿ ಮಾಡಿಲ್ಲ.

ನನ್ನಜ್ಜನಿಗೆ ಬರೆಯಲು ಬರುತ್ತಿತ್ತು. ನಮ್ಮ ಮನೆಯ ದೊಡ್ಡ ಬೈಬಲ್ಲಿನ ಮೊದಲ ಪುಟಗಳು ಅವನ ಅಕ್ಷರದಿಂದಲೇ ತುಂಬಿವೆ. ಮಕ್ಕಳು ಹುಟ್ಟಿದ್ದು, ಮಕ್ಕಳು ಸತ್ತದ್ದು, ಕೊನೆಗೆ ಕುದುರೆ ಮರಿ ಹಾಕಿದ್ದನ್ನೂ ತಾರೀಖು ಸಮೇತ ಬರೆದಿಟ್ಟ ಮನುಷ್ಯ. ಅವನು ಸಾಹೇಬನ ಮುಂದೆ ನಿಂತು ಬರೆಯಲು ಬಾರದು ಎಂದಿದ್ದಾನೆ.

ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಗೊತ್ತಿತ್ತು, ಪಕ್ಕದ ಮನೆಗೆ ಹೊಂದಿಸಿ ನೋಡಿರಲಿಲ್ಲ ಅಷ್ಟೇ. 'ಜೀವವಿಲ್ಲದ' ಎಂದರೆ ಸತ್ತು ಹುಟ್ಟಿದ್ದು ಎಂದಲ್ಲ. ಹುಟ್ಟನ್ನು ಬರೆಸಲು ಮೂರು ದಿನದ ಗಡುವು. ಬರೆಸುವ ಮೊದಲೇ ಕೂಸು ಸತ್ತುಹೋದರೆ, ಅದು ಒಂದು ಗಂಟೆ ಉಸಿರಾಡಿರಲಿ, ಎರಡು ದಿನ ಅತ್ತಿರಲಿ, ಗುಮಾಸ್ತ ಬರೆಯಬೇಕಾದದ್ದು ಅದೊಂದೇ ಪದ. ಬದುಕಿತ್ತೇ ಇಲ್ಲವೇ ಎಂಬುದನ್ನು ಹೇಳಕೂಡದು ಎಂದೇ ಕಾನೂನು. ಅದಕ್ಕೇ ಅಂಥ ಪತ್ರದಲ್ಲಿ ಹುಟ್ಟಿದ ದಿನ ಇರುತ್ತದೆ, ಸತ್ತ ದಿನ ಇರುವುದಿಲ್ಲ. ಇಡೀ ಸಾವಿನ ರಿಜಿಸ್ಟರಿನಲ್ಲಿ ಸಾವಿನ ತಾರೀಖಿಲ್ಲದವರು ಈ ಕೂಸುಗಳು ಮಾತ್ರ.

ಫೆನ್ನಾ ನಕಲು ಕೇಳಿದಳು. ತೆಗೆಸಿಕೊಟ್ಟೆ. ಬಸ್ಸಿನಲ್ಲಿ ಬರುವಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಮುಗುಳ್ನಗುತ್ತಿದ್ದಳು. ಸಾಯುವ ಹೆಂಗಸು ನಗುತ್ತಿದ್ದಾಳೆ, ಬಾಯಿ ಬಿಟ್ಟು ಕೆಡಿಸಲೇ? ಹೀಗೆ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಮೌನ.

ಮನೆಗೆ ಬಂದು ಬೈಬಲ್ಲು ತೆಗೆದೆ. ಅಜ್ಜನ ಅಕ್ಷರ ಮಣಿ ಪೋಣಿಸಿದಂತೆ ಇತ್ತು. ಅದನ್ನು ನೋಡುತ್ತ ಕೂತಿದ್ದಾಗ ನನ್ನಜ್ಜಿ ಆಲ್ತೀನ್ ನೆನಪಾದಳು. ನನಗೆ ಹನ್ನೆರಡು ತುಂಬುವವರೆಗೂ ಅವಳು ಒಲೆಯ ಪಕ್ಕದ ಕುರ್ಚಿಯಲ್ಲಿ ಬದುಕಿದ್ದಳು. ಕೊನೆಗೆ ಅರಳುಮರಳು. ಒಂದೇ ಮಾತನ್ನು ಜಪದಂತೆ ಹೇಳುತ್ತಿದ್ದಳು. "ರೂಲೊಫ್ ಎರಡು ರಾತ್ರಿ ಅತ್ತ. ಹಾರ್ಮ್ ಬಾಗಿಲು ಬಡಿದ. ಭಾನುವಾರ ಕುದುರೆ ಕಟ್ಟಲ್ಲ ಅಂದ್ಬಿಟ್ಟ ಬೆರೆಂಡ್. ಭಾನುವಾರ ಕುದುರೆ ಕಟ್ಟಲ್ಲ ಅಂದ್ಬಿಟ್ಟ." ರೂಲೊಫ್ ಎಂದರೆ ಯಾವುದೋ ಕರು ಎಂದುಕೊಂಡು ನಾವು ಮಕ್ಕಳು ಅಂಬಾ ಎಂದು ಕೂಗಿ ಅವಳನ್ನು ರೇಗಿಸುತ್ತಿದ್ದೆವು.

ಹಳೆಯ ಕ್ಯಾಲೆಂಡರ್ ಲೆಕ್ಕ ಹಾಕುವುದು ನನಗೆ ಕಷ್ಟವಲ್ಲ. ಆ ಫೆಬ್ರವರಿ ಒಂಬತ್ತು ಶನಿವಾರ. ಹತ್ತು ಭಾನುವಾರ. ಹನ್ನೆರಡು ಮಂಗಳವಾರ. ಇನ್ನು ಕೇಳಬೇಕಾದದ್ದೇನೂ ಉಳಿದಿರಲಿಲ್ಲ. ಕೂಸಿಗೆ ಹುಷಾರಿಲ್ಲವೆಂದು ಹಾರ್ಮ್ ಭಾನುವಾರ ನಮ್ಮ ಬಾಗಿಲಿಗೆ ಬಂದಿದ್ದಾನೆ. ಡಾಕ್ಟರಿದ್ದದ್ದು ಒಂಬತ್ತು ಕಿಲೋಮೀಟರ್ ಆಚೆ, ಸಾಲಿನಲ್ಲಿ ಕುದುರೆಯಿದ್ದದ್ದು ನಮ್ಮೊಬ್ಬರಿಗೇ, ಕರೆತರಬೇಕಾದದ್ದು ಮೊದಲ ನೆರೆಯವನೇ. ಸಾವು ಬದುಕಿನ ಪ್ರಶ್ನೆಯಾದರೆ ಭಾನುವಾರವೂ ಗಾಡಿ ಕಟ್ಟಬಹುದು ಎಂದು ಪಾದ್ರಿಗಳೇ ಹೇಳುತ್ತಿದ್ದರು. ಚರ್ಚಿನ ಹಿರಿಯ ಬೆರೆಂಡ್ ಪಾದ್ರಿಗಿಂತ ಹೆಚ್ಚಿನ ಭಕ್ತನಾಗಿದ್ದ. ಮಂಗಳವಾರ ಮಾತ್ರ ಸಾವಿನ ನೆರೆಗೆಲಸಕ್ಕೆ ಸರಿಯಾಗಿ ಹಾಜರು.

ಇದಿಷ್ಟೂ ನನ್ನ ಗಂಟಲಲ್ಲಿ ಬಿಸಿತುಪ್ಪವಾಗಿ ಕೂತಿತು. ಮೂರು ವಾರ ನಾನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಫೆನ್ನಾ ಅಷ್ಟರಲ್ಲಿ ಆ ನಕಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಊರೆಲ್ಲ ತೋರಿಸುತ್ತಿದ್ದಳು. ಅಂಗಡಿಯಲ್ಲಿ ತೋರಿಸಿದಳು, ಔಷಧಿ ಕೊಡುವ ಹುಡುಗಿಗೆ ತೋರಿಸಿದಳು. ಡಿಸೆಂಬರಿನ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಚರ್ಚಿನ ಹಜಾರದಲ್ಲಿ ಎಲ್ಲರೂ ಕಾಫಿ ಕುಡಿಯುವಾಗ, ವುಬ್ಬೋನ ಮುಂದೆ ಹಿಡಿದಳು. ವುಬ್ಬೋಗೆ ಎಂಬತ್ತೆಂಟು. ಅವನಪ್ಪ ಚರ್ಚಿನ ಗುಂಡಿ ತೋಡುವವನಾಗಿದ್ದ. ವುಬ್ಬೋ ಕೆಟ್ಟವನಲ್ಲ, ಆದರೆ ನಾಲಿಗೆಗೆ ಎಲುಬಿಲ್ಲ.

"ಇದೇನು ಹೊಸ ಸುದ್ದೀನಾ ಫೆನ್ನಾ?" ಎಂದ ವುಬ್ಬೋ, ಬಿಸ್ಕತ್ತು ಅದ್ದುತ್ತ. "ಇದನ್ನ ಊರಲ್ಲಿ ಮೊದಲು ಓದ್ದೋನೇ ನಮ್ಮಪ್ಪ. ಹೂಳೋ ಚೀಟೀಲೂ ಹಿಂಗೇ ಇತ್ತಂತೆ, ಜೀವವಿಲ್ಲದ ಮಗು ಅಂತ. ಕಾಲುವೆ ಎರಡೂ ದಡದೋರು ಎರಡು ದಿನ ಅಳು ಕೇಳಿದಾರೆ, ಇವರು ನೋಡಿದ್ರೆ ಸತ್ತು ಹುಟ್ಟಿತು ಅಂತ ಬರೆಸಿ ಬಂದಿದಾರೆ. ಸಾಹೇಬರ ಮುಂದೆ ಸುಳ್ಳು ಬರೆಸೋನು ಏನೋ ಮುಚ್ಚಿಡೋಕೇ ತಾನೇ ಬರೆಸೋದು? ದಿಂಬಿನ ಮಾತು ಹುಟ್ಟಿದ್ದೇ ಈ ಕಾಗದದಿಂದ ಕಣಮ್ಮ."

ಫೆನ್ನಾಳ ಕೈ ಹಾಗೇ ನಿಂತಿತು. "ನಮ್ಮಜ್ಜ ಸುಳ್ಳು ಹೇಳೋನಲ್ಲ," ಎಂದಳು.

"ಹಂಗಾದ್ರೆ ಕುಡಿದಾಗೆಲ್ಲ ಯಾಕೆ ಹಂಗೆ ಕೂಗ್ತಿದ್ದ? 'ನನ್ನ ಮಗ ಎರಡು ದಿನ ಬದುಕಿದ್ದ, ಬರ್ಕೊಂಡೋರು ಹಂಗೆ ಬರ್ಕೊಂಡ್ರು, ಬೇಕಾದ್ರೆ ಬೆರೆಂಡನ್ನ ಕೇಳಿ' ಅಂತಿದ್ನಂತೆ. ಬೆರೆಂಡನ್ನ ಕೇಳಿದ್ರೆ ನನಗೇನೂ ಗೊತ್ತಿಲ್ಲ ಅಂದ. ಚರ್ಚಿನ ಹಿರಿಯ ಅವನು. ಅವನ ಮಾತಿಗಿಂತ ಕುಡುಕನ ಮಾತು ದೊಡ್ಡದಾ? ಕೇಳು, ಮೊಮ್ಮಗಳು ಇಲ್ಲೇ ಇದಾಳಲ್ಲ."

ಎಲ್ಲರೂ ನನ್ನತ್ತ ನೋಡಿದರು. ಫೆನ್ನಾ ನೋಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿ, ಗೋಡೆ ಹಿಡಿದುಕೊಂಡು ಹೊರಟಳು. ನಾನು ಬಾಯಿಬಿಡಬಹುದಿತ್ತು. ಕಾನೂನು ಗೊತ್ತಿದ್ದವಳು ಆ ಹಜಾರದಲ್ಲಿ ನಾನೊಬ್ಬಳೇ. ನನ್ನ ಬಾಯಿಂದ ಬಂದದ್ದು, "ಕಾಫಿ ಆರಿಹೋಯ್ತು," ಎಂಬ ಮಾತು.

ಮಧ್ಯಾಹ್ನ ಅವಳ ಅಡುಗೆಮನೆಗೆ ಹೋದೆ. ಮೇಜಿನ ಮೇಲೆ ಆ ಕಾಗದ ಬಿಚ್ಚಿಟ್ಟುಕೊಂಡು ಕೋಟು ತೆಗೆಯದೆ ಕೂತಿದ್ದಳು.

"ಅಜ್ಜಿ ಕೊಂದಳು, ಅಜ್ಜ ಸುಳ್ಳು ಬರೆಸಿದ," ಎಂದಳು. "ಒಬ್ಬಳಿದ್ದಳು, ಈಗ ಇಬ್ಬರಾದರು. ಸುಮ್ನೆ ಬಿಟ್ಟಿದ್ರೆ ಆಗ್ತಿತ್ತು."

"ಫೆನ್ನಾ, ಕೇಳಿಲ್ಲಿ. ಆ ಮಗು ಬದುಕಿತ್ತು. ನಿಮ್ಮಪ್ಪ ಕೇಳಿದ್ದು ನಿಜ. ನಿಮ್ಮಜ್ಜ ಕೂಗಿದ್ದೂ ನಿಜ. ಕಾಗದದಲ್ಲಿರೋದೂ ಸುಳ್ಳಲ್ಲ."

ಎಲ್ಲವನ್ನೂ ಹೇಳಿದೆ. ಕಾನೂನು ಹೇಳಿದೆ, ಮೂರು ದಿನದ ಗಡುವು ಹೇಳಿದೆ. ಭಾನುವಾರ, ಕುದುರೆ, ನಮ್ಮ ಬಾಗಿಲು, ನಮ್ಮಜ್ಜಿಯ ಅರಳುಮರಳಿನ ಮಾತು, ಎಲ್ಲ ಹೇಳಿದೆ. ಬೆರಳಿಟ್ಟು ಆ ಕೊನೆಯ ಸಾಲು ತೋರಿಸಿದೆ. "ನಮ್ಮಜ್ಜಂಗೆ ಬರೆಯೋಕೆ ಬರ್ತಿತ್ತು," ಎಂದೆ. "ಸಹಿ ಹಾಕೋಕೆ ಮುಖ ಇರಲಿಲ್ಲ. ಅವನೊಂದು ಮಾತು ಆಡಿದ್ರೆ ಊರು ಬಾಯಿ ಮುಚ್ಚಿರೋದು. ಆಡಿದ್ರೆ, ಭಾನುವಾರ ಯಾಕೆ ಹೋಗಲಿಲ್ಲ ಅಂತ ಕೇಳೋರು. ಅದಕ್ಕೆ ಸುಮ್ನಿದ್ದ. ನಿಮ್ಮಜ್ಜಿ ಸಾಯೋವರೆಗೂ ಸುಮ್ನಿದ್ದ. ನಾನೂ ಮೂರು ವಾರ ಸುಮ್ನಿದ್ದೆ."

ಫೆನ್ನಾ ಕೋಟಿನ ಗುಂಡಿ ಬಿಚ್ಚಿದಳು. ಆಮೇಲೆ, "ರೂಲೊಫ್ ಅಂದಳಾ ನಿಮ್ಮಜ್ಜಿ?" ಎಂದು ಕೇಳಿದಳು.

"ರೂಲೊಫ್ ಅಂತಲೇ."

"ಗೇಶೆಯ ಅಪ್ಪನ ಹೆಸರು. ಎರಡನೇ ಗಂಡುಮಗೂಗೆ ತಾಯಿಯ ಅಪ್ಪನ ಹೆಸರಿಡೋದು. ಹೆಸರಿಟ್ಟಿದ್ದಾರೆ ಅದಕ್ಕೆ." ಅವಳು ಕಾಗದದ ಮೇಲೆ ಕೈಯಾಡಿಸಿದಳು. "ಕೊಲ್ಲೋ ಮಗೂಗೆ ಯಾರೂ ಅಪ್ಪನ ಹೆಸರಿಡಲ್ಲ ಅಲ್ವಾ ತ್ರೀನ್?"

"ಇಡಲ್ಲ."

ಅವಳು ಕಾಗದ ಮಡಚಿದಳು. "ಆ ಕುದುರೆ ಏನಾಯ್ತು?"

ಬೈಬಲ್ಲಿನಲ್ಲಿ ಅದೂ ಇತ್ತು. "ಇನ್ನೂ ಹನ್ನೊಂದು ವರ್ಷ ಬದುಕಿತ್ತು," ಎಂದೆ.

"ಒಳ್ಳೆ ಕುದುರೆ ಇರಬೇಕು," ಎಂದಳು ಫೆನ್ನಾ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಅಡುಗೆಮನೆಯ ಬಾಗಿಲು ತೆರೆದು ಹಿಡಿದಳು. "ಇನ್ನು ಹೋಗು."

ಎರಡು ತಿಂಗಳು ಅವಳು ಬೇಲಿಯ ಆಚೆಯಿಂದ ನನ್ನನ್ನು ಕೂಗಲಿಲ್ಲ. ಸೂಪು ಮಾಡಿ ಅವಳ ಮೆಟ್ಟಿಲ ಮೇಲಿಟ್ಟು ಬಂದರೆ ಸಂಜೆ ಪಾತ್ರೆ ಬೇಲಿಯ ಕಂಬದ ಮೇಲಿರುತ್ತಿತ್ತು, ತುಂಬಿದ್ದು ತುಂಬಿದ ಹಾಗೇ. ನನಗೆ ಸಿಟ್ಟು ಬಂತು. ಅಜ್ಜ ಮಾಡಿದ್ದಕ್ಕೆ ನಾನೇನು ಮಾಡಲಿ ಎಂದು ಪಾತ್ರೆ ಕುಕ್ಕಿದೆ. ಅದೇ ಕ್ಷಣ ಅಜ್ಜಿ ಮಾಡಿದ್ದೆಂದು ಊರು ಕಟ್ಟಿದ ಕತೆಗೆ ಅವಳು ಏನೆಲ್ಲ ತೆತ್ತಳೆಂಬುದು ನೆನಪಾಗಿ, ಆ ಸಿಟ್ಟೂ ನನ್ನದಾಗಿ ಉಳಿಯಲಿಲ್ಲ. ಜನವರಿಯ ಕೊನೆಯಲ್ಲಿ ಒಂದು ದಿನ ಅವಳ ಹಿತ್ತಲಿನ ಹಗ್ಗದ ಮೇಲೆ ಎರಡು ದಿಂಬಿನ ಚೀಲ ಒಣಗುತ್ತಿದ್ದವು. ಹೊಸವು, ನೀಲಿ ಪಟ್ಟೆಯವು. ನಾನು ಕಿಟಕಿಯಲ್ಲಿ ನಿಂತು ಅವನ್ನೇ ನೋಡಿದೆ.

ಫೆಬ್ರವರಿ ಮೂರನೆಯ ವಾರ ನಮ್ಮ ಬಾಗಿಲು ಬಡಿದ ಸದ್ದಾಯಿತು. ಓಡಿ ಹೋಗಿ ತೆಗೆದೆ. ಬಡಿದವಳು ಫೆನ್ನಾ ಅಲ್ಲ, ಅವಳನ್ನು ನೋಡಿಕೊಳ್ಳಲು ಬರುತ್ತಿದ್ದ ನರ್ಸು. ಬೆಳಗ್ಗೆ ಹೋದಾಗ ಫೆನ್ನಾ ತಣ್ಣಗಾಗಿದ್ದಳಂತೆ. ನಾನು ಹೋಗಿ ತೊಳೆದು ಉಡಿಸಿದೆ. ತಲೆಯ ಕೆಳಗೆ ದಿಂಬಿತ್ತು.

ಶವಸಂಸ್ಕಾರದ ವ್ಯವಸ್ಥೆ ನೋಡುವ ಯಾನ್ನೆಕೆ ಎಂಬ ಹುಡುಗಿ ಒಂದು ಚೀಟಿ ಕೊಟ್ಟಳು. ಫೆನ್ನಾ ಹದಿನೈದು ದಿನ ಮೊದಲೇ ಬರೆಸಿಟ್ಟಿದ್ದಳು: ಪುರಸಭೆಯಲ್ಲಿ ಬರೆಸುವುದು, ಮನೆಮನೆಗೆ ಹೋಗಿ ತಿಳಿಸುವುದು, ಎರಡನ್ನೂ ಮೊದಲ ನೆರೆಯವಳು ತ್ರೀನ್ ಸಿಕ್ಕೆನ್ ಮಾಡತಕ್ಕದ್ದು.

"ಈಗೆಲ್ಲ ಬರೆಸೋದು ನಾವೇ, ಸಾವಿನ ಕಾರ್ಡು ಅಂಚೇಲಿ ಹೋಗುತ್ತೆ," ಎಂದಳು ಯಾನ್ನೆಕೆ. "ಈ ವಯಸ್ಸಲ್ಲಿ ನೀವು ಯಾಕೆ ಕಷ್ಟಪಡ್ತೀರಿ?"

"ನನ್ನ ಕೆಲಸ ಅದು," ಎಂದೆ.

ಕಾರಿನಲ್ಲಿ ಒಂಬತ್ತು ಕಿಲೋಮೀಟರಿಗೆ ಹತ್ತು ನಿಮಿಷ. ಕೌಂಟರಿನಲ್ಲಿದ್ದ ಯುವಕ ಕಂಪ್ಯೂಟರಿನಲ್ಲಿ ಎಲ್ಲ ತುಂಬಿದ. ಹೆಸರು ಎಲ್ಟಿಂಗ್, ಫೆನ್ನಾ. ತಂದೆ ಎಲ್ಟಿಂಗ್, ಯಾನ್. ತಿಳಿಸಿದವರು ಸಿಕ್ಕೆನ್. ನೆರೆಯವಳು ಎಂದು ಬರೆಯಿರಿ ಎಂದೆ, ಅದಕ್ಕೆ ಈಗ ಜಾಗವಿಲ್ಲ ಎಂದ. ಹಾಳೆ ತಿರುಗಿಸಿ, "ಇಲ್ಲಿ ಸಹಿ ಮಾಡ್ತೀರಾ ಅಮ್ಮ?" ಎಂದು ಕೇಳಿದ.

"ನನಗೆ ಬರೆಯೋಕೆ ಬರುತ್ತೆ," ಎಂದೆ.

ಅವನು ಪಾಪ, "ಬರುತ್ತೆ ಬಿಡಿ," ಎಂದು ಪೆನ್ನು ಕೊಟ್ಟ. ಒಂದೊಂದೇ ಅಕ್ಷರವಾಗಿ ಪೂರ್ತಿ ಹೆಸರು ಬರೆದೆ.

ವಾಪಸು ಬರುವಷ್ಟರಲ್ಲಿ ಕಪ್ಪು ಅಂಚಿನ ಕಾರ್ಡುಗಳು ಸಿದ್ಧವಾಗಿದ್ದವು, ನಲವತ್ತೆರಡು. ಅದರ ಒಕ್ಕಣೆಯನ್ನೂ ಫೆನ್ನಾಳೇ ಬರೆಸಿದ್ದಳು. ಯಾನ್ನೆಕೆಯ ಮೇಜಿನ ಮುಂದೆ ನಿಂತು ಓದಿದೆ. 'ಫೆನ್ನಾ ಎಲ್ಟಿಂಗ್ ತೀರಿಕೊಂಡಳು. ಗೇಶೆಯ ಮೊಮ್ಮಗಳು, ಯಾನ್‌ನ ಮಗಳು, ಎರಡು ದಿನ ಬದುಕಿದ ರೂಲೊಫ್‌ನ ಅಣ್ಣನ ಮಗಳು. ವಿವರ ಬೇಕಾದವರು ಕಾರ್ಡು ತಂದವಳನ್ನು ಕೇಳಬಹುದು.'

ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ನೀರು ಬೇಕೇ ಎಂದು ಯಾನ್ನೆಕೆ ಕೇಳಿದಳು. ಬೇಡ ಎಂದೆ. ಬಾಗಿಲು ಬಡಿಯಬಾರದೆಂದು ಕಲಿತು ಬೆಳೆದವಳು ನಲವತ್ತೆರಡು ಬಾಗಿಲು ಬಡಿಯುವ ಕೆಲಸವನ್ನು ನನಗೆ ಬಿಟ್ಟುಹೋಗಿದ್ದಳು.

ಕಾಲುವೆಯ ದಡದಲ್ಲಿ ಗಾಳಿ ಜೋರಾಗಿತ್ತು. ಮೊದಲ ಮನೆ ವುಬ್ಬೋನದು. ಬಡಿದೆ. ಅವನೇ ಬಂದು ತೆಗೆದ. ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ತುಟಿಯಾಡಿಸುತ್ತ ಓದಿದ.

"ಈ ರೂಲೊಫ್ ಯಾರು? ಎಲ್ಟಿಂಗ್ ಮನೇಲಿ ಆ ಹೆಸರಿನೋರು ಯಾರೂ ಇರಲಿಲ್ಲವಲ್ಲ. ಚಳೀಲಿ ನಿಂತ್ಕೋಬೇಡ, ಒಳಗೆ ಬಾ, ಕಾಫಿ ಇದೆ."

"ಬೇಡ ವುಬ್ಬೋ, ಇಲ್ಲೇ ನಿಂತು ಹೇಳ್ತೀನಿ," ಎಂದೆ. ಭಾನುವಾರದಿಂದ ಶುರುಮಾಡಿದೆ. ಬಾಗಿಲಿಗೆ ಬಂದವನು ಯಾರು, ಕುದುರೆ ಯಾರದು, ಇಲ್ಲ ಎಂದವನು ಯಾರು, ಬರೆಯಲು ಬಾರದು ಎಂದವನು ಯಾರು ಎಂದು ಒಂದೊಂದಾಗಿ ಹೇಳಿದೆ. ಮುಗಿದಾಗ ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ನಾನು ಮುಂದಿನ ಮನೆಗೆ ನಡೆದೆ. ಇನ್ನೂ ನಲವತ್ತೊಂದು ಬಾಗಿಲು ಬಾಕಿಯಿದ್ದವು.